ಲಂಗದ ಮೂರು ಮಡಿಕೆ

ಅವ್ವನ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಎಂದೋ ಹೊಲಿಗೆ ಮಶಿನ್ನಿನ ಸೂಜಿ ಅದರೊಳಗೆ ಇಳಿದು ಮೇಲೆ ಬಂದಿತ್ತಂತೆ. ಆಮೇಲೆ ಆ ಉಗುರು ಒಂದಾಗಿ ಬೆಳೆಯಲೇ ಇಲ್ಲ. ಎರಡು ಹೋಳಾಗಿ, ನಡುವೆ ಸಣ್ಣ ಸಂದಿ ಬಿಟ್ಟು ಬೆಳೆಯಿತು. ಬೇರೆಯವರಾದರೆ ಆ ಬೆರಳನ್ನು ಸೆರಗಿನಲ್ಲಿ ಬಚ್ಚಿಡುತ್ತಿದ್ದರು. ಅವ್ವ ಅದನ್ನೂ ಕೆಲಸಕ್ಕೆ ಹಚ್ಚಿದ್ದಳು. ದಾರವನ್ನು ಆ ಸಂದಿಯಲ್ಲಿ ಸಿಕ್ಕಿಸಿ ಹಿಡಿದು, ಸೂಜಿಯ ಕಣ್ಣಿಗೆ ತೂರಿಸಿ, ಒಂದೇ ಸಲಕ್ಕೆ ಎಳೆಯುತ್ತಿದ್ದಳು. ಎಳೆದಾಗ ಸಣ್ಣಗೆ ಸುಯ್ಯೆನ್ನುವ ಸದ್ದು ಬರುತ್ತಿತ್ತು. ಅದನ್ನು ಕೇಳಿದರೆ ನನ್ನ ಮಗಳು ನಗುತ್ತಿದ್ದಳು, ನನಗೆ ಮೈ ಜುಮ್ಮೆನ್ನುತ್ತಿತ್ತು.

ಆಗ ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಉಡುಪಿ ಕಡೆಯಿಂದ ಬಂದ ನಾವು ಗ್ರಾಂಟ್ ರೋಡ್ ಸ್ಟೇಷನ್ನಿನ ಹಿಂದಿನ ಒಂದು ಚಾಳಿನ ಮೂರನೇ ಮಾಳಿಗೆಯಲ್ಲಿ ಒಂದು ಖೋಲಿ, ಅಂದರೆ ಒಂದೇ ಕೋಣೆ, ಹಿಡಿದಿದ್ದೆವು. ನನ್ನ ಯಜಮಾನರು ಹತ್ತಿರದ ಹೋಟೆಲೊಂದರಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ನನಗೆ ಇಪ್ಪತ್ತು ವರ್ಷ, ಕಂಕುಳಲ್ಲಿ ಒಂದು ವರ್ಷದ ಮಗಳು. ಎರಡು ವರ್ಷ ಕಳೆಯುವಷ್ಟರಲ್ಲಿ ಮಗನೂ ಹುಟ್ಟಿದ. ಮರಾಠಿ ಬಾರದು, ಹಿಂದಿ ಅರೆಬರೆ, ಬಾಯಿ ಮಾತ್ರ ಜೋರು. ನನಗೆ ಯಾವಾಗಲೂ ಬಾಯಿ ಮೊದಲು, ಬುದ್ಧಿ ಆಮೇಲೆ.

ಪಕ್ಕದ ಖೋಲಿಯಲ್ಲಿ ಅವ್ವ ಇದ್ದಳು. ಎರಡು ಖೋಲಿಗಳ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಅವಳು ವಿಜಾಪುರದ ಕಡೆಯವಳು. ಗಿರಣಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಒಂದು ಕೈಮಶಿನ್ ಇಟ್ಟುಕೊಂಡು ಚಾಳಿನ ಮಕ್ಕಳಿಗೆ ಅಂಗಿ, ಲಂಗ, ಕುಲಾವಿ ಹೊಲಿದುಕೊಡುತ್ತಿದ್ದಳು. ಇಡೀ ಚಾಳು ಅವಳನ್ನು ಅವ್ವ ಅನ್ನುತ್ತಿತ್ತು, ಮರಾಠಿಯವರು ಅವ್ವಾಬಾಯಿ ಅನ್ನುತ್ತಿದ್ದರು. ನಾನು ಎದುರಿಗೆ ‘ನೀವು’ ಅನ್ನುತ್ತಿದ್ದೆ. ನೆನಪಿನಲ್ಲಿ ಮಾತ್ರ ಏಕವಚನವೇ ಬರುತ್ತದೆ. ಅವಳು ಬೇಸರ ಮಾಡಿಕೊಳ್ಳಲಾರಳು.

ಮಕ್ಕಳನ್ನು ಸಾಕುವುದು ಅಂದರೆ ಅರ್ಧಕ್ಕರ್ಧ ಬಟ್ಟೆಯ ಕೆಲಸ ಎಂದು ನನಗೆ ಗೊತ್ತಾದದ್ದು ಅವಳಿಂದ. ಹೋಟೆಲಿನಿಂದ ಯಜಮಾನರು ತರುತ್ತಿದ್ದ ಖಾಲಿ ಮೈದಾ ಚೀಲಗಳನ್ನು ಸೋಡಾ ಹಾಕಿ ಕುದಿಸಿ ಒಗೆದು, ಅವುಗಳಿಂದ ಮಗನಿಗೆ ಝಬಲಾ ಅಂಗಿ ಹೊಲಿಯುವುದನ್ನು ಅವ್ವ ಕಲಿಸಿದಳು. ಎಷ್ಟು ಕುದಿಸಿದರೂ ಹಿಟ್ಟಿನ ಗಿರಣಿಯ ಮುದ್ರೆ ಪೂರ್ತಿ ಹೋಗುತ್ತಿರಲಿಲ್ಲ. ನನ್ನ ಮಗ ಆರು ತಿಂಗಳು ಬೆನ್ನ ಮೇಲೆ ನೀಲಿ ಆನೆಯ ಮುದ್ರೆ ಹೊತ್ತುಕೊಂಡೇ ಅಂಬೆಗಾಲಿಟ್ಟ. “ಇವನೇನು ಅರಸಾ? ಆನಿ ಮ್ಯಾಲ ಕುಂಡ್ರೋದು ಬಿಟ್ಟು ಆನೀನ ಹೊತ್ಕೊಂಡು ತಿರುಗತಾನ” ಎಂದು ಅವ್ವ ನಗಿಸುತ್ತಿದ್ದಳು. ಚಿಂದಿ ತುಂಬಿದ ಗೊಂಬೆ, ಕಾಲುಚೀಲದ ಮೊಲ, ದಾರದ ಗುಂಡಿ, ಎಲ್ಲವೂ ಅವಳ ಕೈಯಿಂದಲೇ. ಚಾಳಿನಲ್ಲಿ ನನಗೆ ತವರುಮನೆ ಅಂತ ಇದ್ದದ್ದು ಅವಳೊಬ್ಬಳೇ.

ಆದರೂ ಅವಳ ಕೆಲವು ರೀತಿಗಳು ನನಗೆ ಒಗ್ಗುತ್ತಿರಲಿಲ್ಲ. ಮಗ ಹುಟ್ಟಿದಾಗ ನನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಒಂದು ಕೌದಿ ಹೊಲಿದಳು. ನಾಲ್ಕನೇ ಮೂಲೆಯನ್ನು ಮುಚ್ಚುವ ಮೊದಲು ಒಣಗಿದ ಜೋಳದ ರೊಟ್ಟಿಯ ಒಂದು ತುಣುಕನ್ನು ಒಳಗಿಟ್ಟಳು.

“ಇದೆಂತದು ಅವ್ವ?”

“ಕೌದಿ ಹಸದಿರಬಾರದು ತಂಗಿ. ಹಸದ ಕೌದಿ ಒಳಗ ಮಲಗಿದವರನ್ನ ತಿಂತೈತಿ.”

“ರೊಟ್ಟಿ ಇಟ್ಟರೆ ಇಲಿ ಬರ್ತದೆ, ಅಷ್ಟೇ” ಎಂದು ನಾನು ನಕ್ಕೆ. ನಮ್ಮ ಚಾಳಿನ ಇಲಿಗಳು ಸಾಬೂನು ತಿನ್ನುತ್ತಿದ್ದವು, ಮೇಣದ ಬತ್ತಿ ತಿನ್ನುತ್ತಿದ್ದವು, ಒಮ್ಮೆ ಯಜಮಾನರ ಚಪ್ಪಲಿಯ ಪಟ್ಟಿಯನ್ನೂ ತಿಂದಿದ್ದವು. ಆ ಕೌದಿಯ ಮೂಲೆಯನ್ನು ಮಾತ್ರ ಅವು ಒಂದು ದಿನವೂ ಮುಟ್ಟಲಿಲ್ಲ. ಅದನ್ನು ಕಂಡ ಮೇಲೆ ನಗುವುದನ್ನು ಬಿಟ್ಟೆ.

ಅವಳು ಅಳತೆ ತೆಗೆಯುವುದನ್ನು ಹೇಳಬೇಕು. ಅವಳಲ್ಲಿ ಟೇಪು ಇರಲಿಲ್ಲ. ಮಂಡಿನೋವಿನಿಂದಾಗಿ ಮಶಿನ್ನಿನ ಮುಂದೆ ನೆಲದ ಮೇಲೆ ಕುಳಿತಳೆಂದರೆ ಏಳುತ್ತಿರಲಿಲ್ಲ. ಮಕ್ಕಳೇ ಬಂದು ಅವಳ ಮುಂದೆ ನಿಲ್ಲಬೇಕು. ಗಂಡಸರೆಲ್ಲ ಕೆಲಸಕ್ಕೆ ಹೋಗಿ, ನಲ್ಲಿಯೂ ನಿಂತು, ಚಾಳು ತಣ್ಣಗಾದ ಮಧ್ಯಾಹ್ನದ ಹೊತ್ತೇ ಅವಳಿಗೆ ಬೇಕು. ಕಣ್ಣು ಮುಚ್ಚಿ ಮಗುವಿನ ನೆತ್ತಿಯ ಮೇಲೆ ಅಂಗೈ ಇಡುತ್ತಿದ್ದಳು. ಎಂಥ ಹಟಮಾರಿ ಮಗುವೂ ಆ ಕೈ ತಾಗಿದ ಕೂಡಲೆ ಅಲುಗಾಡದೆ ನಿಲ್ಲುತ್ತಿತ್ತು. ಆಮೇಲೆ ಅವ್ವ ಕೈಯನ್ನು ನೆತ್ತಿಯಿಂದ ಬಿಡಿಸಿ ಮೆಲ್ಲಗೆ ಮೇಲಕ್ಕೆ ಒಯ್ಯುತ್ತಿದ್ದಳು. ಖಾಲಿ ಗಾಳಿಯಲ್ಲಿ ಏನನ್ನೋ ತಡವುತ್ತಿದ್ದಳು. ನಾಲ್ಕು ಬೆರಳಿನಷ್ಟು ಮೇಲೆ ಹೋಗಿ ಕೈ ನಿಲ್ಲುತ್ತಿತ್ತು. ಅಲ್ಲಿ ಇನ್ನೊಂದು ಸ್ವಲ್ಪ ಎತ್ತರದ ಮಗು ನಿಂತಿದೆಯೋ ಎಂಬಂತೆ ಬೆರಳುಗಳು ದುಂಡಗೆ ಬಾಗುತ್ತಿದ್ದವು.

“ಹಾಂ, ಇಲ್ಲಿ ಅದಾಳ” ಎನ್ನುತ್ತಿದ್ದಳು.

ಮೊದಲ ಸಲ ನನ್ನ ಮಗಳ ನೆತ್ತಿಯ ಮೇಲೆ ಹಾಗೆ ಮಾಡಿದಾಗ “ಯಾರು ಇರೋದು ಅಲ್ಲಿ?” ಎಂದು ಹೆದರಿ ಕೇಳಿದ್ದೆ.

“ಮುಂದಿನ ವರ್ಷದಾಕಿ” ಎಂದು ಕಣ್ಣು ಬಿಟ್ಟಿದ್ದಳು.

ಎಂಟೊಂಬತ್ತು ವರ್ಷ ದಾಟಿದ ಮಕ್ಕಳಿಗೆ ಅವಳು ಹೊಲಿಯುತ್ತಿರಲಿಲ್ಲ. “ನನ್ನ ಕೈಗೆ ನಿಲುಕದವರು ದರ್ಜಿ ಕಡೆ ಹೋಗ್ರಿ” ಎಂದು ಗದರಿ ಕಳಿಸುತ್ತಿದ್ದಳು. ಈ ಮಾತನ್ನು ನಾನು ನೂರು ಸಲ ಕೇಳಿದ್ದೆ, ನೂರು ಸಲ ಮರೆತಿದ್ದೆ.

ಬೆಳೆಯುವ ಮಕ್ಕಳ ಬಟ್ಟೆಗೆ ಅವ್ವ ಮಡಿಕೆ ಹಾಕುತ್ತಿದ್ದಳು. ಅಂದರೆ ಲಂಗವನ್ನು ಬೇಕಾದ್ದಕ್ಕಿಂತ ಉದ್ದ ಕತ್ತರಿಸಿ, ಹೆಚ್ಚಿನ ಬಟ್ಟೆಯನ್ನು ಅಂಚಿನ ಮೇಲೆ ಅಡ್ಡಡ್ಡಲಾಗಿ ಮಡಚಿ ಹೊಲಿಯುವುದು. ಮಗು ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಲಂಗವೂ ಉದ್ದವಾಗುತ್ತದೆ. ಇದನ್ನು ಎಲ್ಲ ತಾಯಂದಿರೂ ಮಾಡುತ್ತಾರೆ. ಆದರೆ ಅವ್ವನ ಕಟ್ಟಳೆ ಬೇರೆ. ಅವಳು ಹಾಕಿದ ಮಡಿಕೆಯನ್ನು ಅವಳೇ ಬಿಚ್ಚಬೇಕು, ಅದೂ ನಾಗರಪಂಚಮಿಯ ಮುನ್ನಾದಿನ. ದಾರದ ತುದಿಗೆ ಎಂಥ ಗಂಟು ಹಾಕುತ್ತಿದ್ದಳೆಂದರೆ ನಾನು ಒಮ್ಮೆ ಕದ್ದು ಬಿಚ್ಚಲು ಹೋಗಿ ಉಗುರು ಮುರಿದುಕೊಂಡೆ. ಅವಳು ಸೀಳು ಉಗುರನ್ನು ತೂರಿಸಿ ಒಂದು ಸಲ ಮೀಟಿದರೆ ಸಾಕು, ಗಂಟು ಬಿಡುತ್ತಿತ್ತು. ಪಂಚಮಿಯ ಮುನ್ನಾದಿನ ಚಾಳಿನ ಮಕ್ಕಳೆಲ್ಲ ತಮ್ಮ ಲಂಗ, ಅಂಗಿ ಹಿಡಿದು ಅವಳ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದವು.

“ನಮಗೂ ಬಿಚ್ಚಲಿಕ್ಕೆ ಬರ್ತದೆ ಅವ್ವ. ಎಂತಕ್ಕೆ ಈ ಹಟ?” ಎಂದು ಒಂದು ಮಧ್ಯಾಹ್ನ ಕೇಳಿಯೇ ಬಿಟ್ಟೆ.

ಮಶಿನ್ನಿನ ಹಿಡಿಕೆ ನಿಂತಿತು. “ನನಗೊಬ್ಬಾಕಿ ಮಗಳಿದ್ಲು ತಂಗಿ. ನಾಕು ವರ್ಷದಾಕಿ. ಆಕೀಗೆ ಒಂದು ಪರಕರ ಹೊಲಿದು ಮೂರು ಮಡಿಕಿ ಹಾಕಿದ್ದೆ. ಒಂದೂ ಬಿಚ್ಚಲಿಲ್ಲ. ಮಣ್ಣಿಗಿಟ್ಟಾಗ ಆ ಮಡಿಕಿ ಹಂಗ ಇದ್ದುವು.” ಹಿಡಿಕೆಯಿಂದ ಕೈ ತೆಗೆದು, “ಬಿಚ್ಚದ ಮಡಿಕಿ ಭಾಳ ಭಾರ ಇರತೈತಿ. ಅದಕ್ಕ, ನನ್ನ ಕೈಲೆ ಬಿಚ್ಚೋದಿಲ್ಲ ಅಂತ ತಿಳಿದ್ರ ನಾ ಮಡಿಕೀನ ಹಾಕೂದಿಲ್ಲ” ಎಂದಳು.

ಆ ಮಾತಿನ ಅರ್ಥ ನನಗೆ ಆಗ ತಟ್ಟಲಿಲ್ಲ. ಮಗಳನ್ನು ಕಳೆದುಕೊಂಡವಳ ಸಂಕಟ ಎಂದುಕೊಂಡು ಚಹಾ ಮಾಡಿಕೊಟ್ಟೆ.

ನಾವು ಬಂದ ಮರುವರ್ಷ ಕೆಳಗಿನ ಮಾಳಿಗೆಯ ಒಂದು ಹುಡುಗಿಗೆ ಅವ್ವ ಮಡಿಕೆ ಇಲ್ಲದ ಲಂಗ ಹೊಲಿದುಕೊಟ್ಟಿದ್ದಳು. ಹುಡುಗಿಯ ತಾಯಿ ಗೊಣಗಿದರೂ ತೆಗೆದುಕೊಂಡು ಹೋದಳು. ನಾಲ್ಕು ತಿಂಗಳಲ್ಲಿ ಆ ಹುಡುಗಿಯ ತಂದೆಗೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಮನೆಯೂ ಸಿಕ್ಕಿ, ಅವರು ಚಾಳು ಬಿಟ್ಟರು. ಲಂಗ ಹೊಲಿದಾಗ ಆ ಮನುಷ್ಯನಿಗೇ ಅದು ಗೊತ್ತಿರಲಿಲ್ಲ. ಆಗ ಯಾರೂ ಇದನ್ನೆಲ್ಲ ಸೇರಿಸಿ ನೋಡಲಿಲ್ಲ.

ಅದರ ಮುಂದಿನ ದೀಪಾವಳಿಗೆ ಮೂಲೆ ಖೋಲಿಯ ಮರಾಠಿ ಹೆಂಗಸು ತನ್ನ ಮೂರು ವರ್ಷದ ಮಗನನ್ನು ಅಳತೆಗೆ ಕರೆತಂದಳು. ನಾನು ಅಲ್ಲೇ ಕುಳಿತು ಗುಂಡಿ ಹಚ್ಚುತ್ತಿದ್ದೆ. ಅವ್ವ ಕಣ್ಣು ಮುಚ್ಚಿ ಅವನ ನೆತ್ತಿಯ ಮೇಲೆ ಕೈಯಿಟ್ಟಳು, ಮೇಲಕ್ಕೆ ಒಯ್ದಳು. ನಾಲ್ಕು ಬೆರಳು ದಾಟಿತು, ಒಂದು ಗೇಣು ದಾಟಿತು, ಕೈ ಎಲ್ಲಿಯೂ ನಿಲ್ಲಲಿಲ್ಲ. ಆಚೆ ಈಚೆ ತಡವಿದಳು. ಕತ್ತಲೆಯ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುವವರ ಹಾಗೆ ಕಾಣುತ್ತಿತ್ತು. ಕೊನೆಗೆ ಕೈ ಮೆಲ್ಲಗೆ ಇಳಿದು ಮತ್ತೆ ಅವನ ನೆತ್ತಿಯ ಮೇಲೇ ಕುಳಿತಿತು. ‘ಇಲ್ಲಿ ಅದಾನ’ ಎಂದು ಅವಳು ಹೇಳಲಿಲ್ಲ. ಆ ಹುಡುಗನ ಅಂಗಿಗೆ ಮಡಿಕೆ ಇರಲಿಲ್ಲ. ಮುಂದಿನ ಮಳೆಗಾಲ ಶುರುವಾಗಿ ಹದಿನೈದು ದಿನಕ್ಕೆ ಅವನಿಗೆ ವಿಷಮಜ್ವರ ಬಂತು. ಪಂಚಮಿ ಬರುವಷ್ಟರಲ್ಲಿ ಅವನಿರಲಿಲ್ಲ.

ಆ ಮಧ್ಯಾಹ್ನದ ಕೈಯನ್ನು ಕಂಡಿದ್ದವಳು ನಾನೊಬ್ಬಳೇ. ಯಜಮಾನರಿಗೆ ಹೇಳಿದೆ. “ಬಟ್ಟೆ ಸಾಲದೆ ಹೋಗಿರ್ತದೆ ಮಾರಾಯ್ತಿ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳಬೇಡ” ಎಂದು ಮಗ್ಗುಲು ಬದಲಿಸಿದರು. ನಾನು ಅವ್ವನ ಖೋಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಆದರೆ ಮಗಳ ಲಂಗದ ಮಡಿಕೆಗಳನ್ನು ದಿನಾ ಬೆರಳಲ್ಲಿ ಮುಟ್ಟಿ ಎಣಿಸುವುದು ಅಭ್ಯಾಸವಾಯಿತು.

ಮಗಳಿಗೆ ನಾಲ್ಕು ತುಂಬಿದ ವರ್ಷ, ಹೋಳಿಯ ಹೊತ್ತಿಗೆ, ಅವ್ವ ಅವಳಿಗೊಂದು ಹೊಸ ಫ್ರಾಕು ಹೊಲಿದು ಕೊಟ್ಟಳು. ತಿಳಿಹಳದಿಯ ಮೇಲೆ ಕೆಂಪು ಹೂವು. ಮಗಳು ಕುಣಿದಳು. ನಾನು ಅಂಚನ್ನು ತಿರುವಿ ನೋಡಿದೆ. ಮಡಿಕೆ ಇರಲಿಲ್ಲ.

“ಇದರಲ್ಲಿ ಮಡಿಕೆ ಎಲ್ಲಿ ಅವ್ವ?”

“ಬಟ್ಟಿ ಸಾಲಲಿಲ್ಲ ತಂಗಿ.”

ಅವಳ ಮೊಣಕಾಲಿನ ಪಕ್ಕದಲ್ಲೇ ಅದೇ ಹೂವಿನ ಬಟ್ಟೆ ಗಜದಷ್ಟು ಉಳಿದಿತ್ತು. “ಹಾಗಾದರೆ ಅದೆಂತದು?”

ಅವ್ವ ಅದನ್ನು ಸೆರಗಿನಡಿ ಎಳೆದುಕೊಂಡಳು. “ಅದಕ್ಕ ಬ್ಯಾರೆ ಕೆಲಸ ಐತಿ.”

ಅವಳು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಬಾಯಿ ಓಡಿತು. “ನಿಮ್ಮ ಮಗಳು ಹೋದಳು ಅಂತ ಊರವರ ಮಕ್ಕಳನ್ನೆಲ್ಲ ಕಳಿಸ್ಲಿಕ್ಕೆ ಕೂತಿದ್ದೀರಾ? ಇನ್ನು ನನ್ನ ಮಗಳನ್ನು ಮುಟ್ಟಬೇಡಿ. ನಿಮ್ಮದು ಹೆಣದ ಅಳತೆ ತೆಗಿಯುವ ಕೈ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಅವ್ವ ಎರಡೂ ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡು, “ಆತು ತಂಗಿ. ಮುಟ್ಟಂಗಿಲ್ಲ” ಎಂದಳು. ನಾನು ಮಗಳನ್ನು ಎಳೆದುಕೊಂಡು ಬಂದೆ. ಫ್ರಾಕನ್ನು ಅಲ್ಲೇ ಎಸೆಯಬೇಕೆಂದಿದ್ದೆ, ಮಗಳು ಬಿಡಲಿಲ್ಲ, ಎದೆಗವಚಿಕೊಂಡು ಅತ್ತಳು.

ಊರಿನ ದೇವರಿಗೆ ಹರಕೆ ಕಟ್ಟಿದೆ. ಮಗಳ ಹಣೆ ಮುಟ್ಟಿ ಮುಟ್ಟಿ ನೋಡಿದೆ, ಸಣ್ಣ ಸೀನು ಬಂದರೂ ಡಾಕ್ಟರರ ಬಳಿ ಓಡಿದೆ. ಸಾಲದ್ದಕ್ಕೆ ಒಂದು ದಿನ ಸೂಜಿ ದಾರ ಹಿಡಿದು ಕುಳಿತು ಆ ಫ್ರಾಕಿಗೆ ನಾನೇ ಮೂರು ಮಡಿಕೆ ಹಾಕಿದೆ. ಮಡಿಕೆ ಇದ್ದರೆ ಮಗಳು ಇರುತ್ತಾಳೆ ಎಂಬುದು ನನ್ನ ಲೆಕ್ಕ. ಫ್ರಾಕು ಮಂಡಿಯ ಮೇಲಕ್ಕೆ ಹೋಗಿ, ನನ್ನ ಸೊಟ್ಟ ಹೊಲಿಗೆಯಲ್ಲಿ ಗಾಳಿಪಟದ ಹಾಗೆ ಒಂದು ಕಡೆ ವಾಲಿತು. ಅದನ್ನೇ ತೊಡಿಸಿ ಗ್ಯಾಲರಿಗೆ ಬಿಟ್ಟೆ. ಅವ್ವ ತನ್ನ ಬಾಗಿಲಿನಿಂದ ನೋಡಿದಳು.

“ಅಷ್ಟ್ಯಾಕ ಗಿಡ್ಡ ಮಾಡಿದಿ ತಂಗಿ? ಆಕಿ ಭಾಳ ಉದ್ದ ಬೆಳೆಯೋ ಕೂಸು” ಎಂದಳು.

ಅವಳು ಹೇಳಿದ್ದು ಅಷ್ಟು ಸ್ಪಷ್ಟವಾಗಿತ್ತು. ಭಯ ಹಿಡಿದವಳ ಕಿವಿಗೆ ಅದು ಅಣಕದ ಹಾಗೆ ಕೇಳಿತು. ಬಾಗಿಲು ಹಾಕಿಕೊಂಡೆ.

ಅದಾಗಿ ವಾರದ ಮೇಲೆ ನಾನು ನಲ್ಲಿಯಿಂದ ನೀರು ತರುವಷ್ಟರಲ್ಲಿ ಮಗಳು ಕಾಣಲಿಲ್ಲ. ಓಡಿ ಅವ್ವನ ಖೋಲಿಗೆ ನುಗ್ಗಿದೆ. ಮಗಳು ಅವಳ ಮುಂದೆ ಬೆನ್ನು ತಿರುಗಿಸಿ ಅಲುಗಾಡದೆ ನಿಂತಿದ್ದಳು. ಅವ್ವ ಕುಳಿತಲ್ಲೇ, ಕಣ್ಣು ಮುಚ್ಚಿ, ಅವಳ ನೆತ್ತಿಯ ಮೇಲೆ ಗಾಳಿಯಲ್ಲಿ ಕೈ ಎತ್ತುತ್ತಿದ್ದಳು. ಕೈ ಒಂದು ಕಡೆ ನಿಂತಿತು. ಮತ್ತೆ ಏರಿತು, ನಿಂತಿತು. ಹೀಗೆ ಐದು ಸಲ. ಐದನೆಯ ಸಲಕ್ಕೆ ತೋಳು ಪೂರ್ತಿ ಚಾಚಿಕೊಂಡಿತ್ತು. ಅವಳ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು.

ನಾನು ಕಿರುಚಿ ಮಗಳನ್ನು ಸೆಳೆದುಕೊಂಡೆ.

“ಮುಟ್ಟಿಲ್ಲ ತಂಗಿ” ಎಂದಳು ಅವ್ವ, ಕೈ ಇನ್ನೂ ಮೇಲೆಯೇ ಇತ್ತು. “ನೋಡು, ನಾ ಮುಟ್ಟಿಲ್ಲ.”

ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಆ ಬೇಸಿಗೆಯಲ್ಲಿ ಹಲಗೆಯ ಗೋಡೆಯಾಚೆ ಮಶಿನ್ನು ನಿಲ್ಲಲೇ ಇಲ್ಲ. ಬೆಳಗ್ಗೆ ಒಲೆ ಹಚ್ಚುವಾಗಲೂ ಅದೇ ಕರಕರ ಸದ್ದು, ಮಕ್ಕಳು ಮಧ್ಯಾಹ್ನ ಮಲಗಿದಾಗಲೂ ಅದೇ. ಇದರ ನಡುವೆ ಇನ್ನೊಂದು ಶುರುವಾಯಿತು. ಪಂಚಮಿಗೆ ಮೂರು ತಿಂಗಳಿದೆ ಎನ್ನುವಾಗಲೇ ಅವ್ವ ಚಾಳಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಡಿಕೆ ಬಿಚ್ಚತೊಡಗಿದಳು. ವರ್ಷಕ್ಕೊಂದಲ್ಲ, ಇದ್ದಬದ್ದ ಮಡಿಕೆಗಳನ್ನೆಲ್ಲ. ನನ್ನ ಮಗಳ ಹಳೆಯ ಲಂಗದವನ್ನೂ ನನ್ನ ಕಣ್ಣು ತಪ್ಪಿಸಿ ಬಿಚ್ಚಿದ್ದಳು. “ಈ ವರ್ಷ ಪಂಚಮಿ ಬೇಗ ಬಂತೇನು ಅವ್ವಾಬಾಯಿ?” ಎಂದು ಹೆಂಗಸರು ಛೇಡಿಸಿದರು. ಹುಡುಗಿಯರು ಲಂಗ ಎತ್ತಿ ಹಿಡಿದುಕೊಂಡು, ಅಂಚು ತುಳಿದು ಮೆಟ್ಟಿಲಲ್ಲಿ ಎಡವಿ ಬೀಳುತ್ತಿದ್ದರು. ಮುದುಕಿಗೆ ತಲೆ ಕೆಟ್ಟಿದೆ ಎಂದು ಎಲ್ಲರೊಡನೆ ನಾನೂ ಹೇಳಿದೆ.

ಮೇ ತಿಂಗಳ ಒಂದು ಮಧ್ಯಾಹ್ನ ಮಗನನ್ನು ತೊಟ್ಟಿಲಲ್ಲಿ ತೂಗುತ್ತಿದ್ದೆ. ಗೋಡೆಯಾಚೆಯ ಸದ್ದು ನಿಂತಿತು. ದಾರ ಮುಗಿದಿರಬೇಕು ಎಂದುಕೊಂಡೆ. ಮಗ ನಿದ್ದೆ ಹೋದ, ಆಚೆ ಸದ್ದು ಬರಲಿಲ್ಲ. ಮಗಳು ಹಲಗೆಗೆ ಕಿವಿಯಿಟ್ಟು ಕುಳಿತಿದ್ದವಳು ತಿರುಗಿ, “ಅಮ್ಮ, ಅವ್ವ ಎದ್ದು ಹೋದಳು” ಎಂದಳು. ನಾನು ಹೋಗಿ ನೋಡಿದೆ. ಅವ್ವ ಹೋಗಿರಲಿಲ್ಲ, ಕುಳಿತಲ್ಲೇ ಗೋಡೆಗೆ ಒರಗಿದ್ದಳು. ಬಲಗೈ ಹಿಡಿಕೆಯ ಮೇಲಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಒಂದು ಕೆಂಪು ದಾರ ಸಿಕ್ಕಿಕೊಂಡಿತ್ತು.

ಅವಳನ್ನು ಒಯ್ಯುವಾಗ ಚಾಳಿನ ಮಕ್ಕಳೆಲ್ಲ ಗ್ಯಾಲರಿಯಲ್ಲಿ ಸಾಲಾಗಿ ನಿಂತವು. ಹುಡುಗಿಯರೆಲ್ಲರ ಲಂಗಗಳೂ ನೆಲ ಗುಡಿಸುತ್ತಿದ್ದವು. ಆಗ ನನಗೆ ಹೊಳೆಯಿತು. ಅವ್ವ ಹಾಕಿದ ಮಡಿಕೆ ಆ ಚಾಳಿನಲ್ಲಿ ಒಂದೂ ಉಳಿದಿರಲಿಲ್ಲ. ‘ನನ್ನ ಕೈಲೆ ಬಿಚ್ಚೋದಿಲ್ಲ ಅಂತ ತಿಳಿದ್ರ’ ಎಂದಿದ್ದಳು. ನಾನು ಹೋಗುವವಳನ್ನು ನನ್ನ ಮಗಳಲ್ಲಿ ಹುಡುಕಿದ್ದೆ. ಮಡಿಕೆ ಬಿಚ್ಚುವ ಕೈಯೇ ಹೋಗಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ಗ್ಯಾಲರಿಯ ಕಂಬ ಹಿಡಿದುಕೊಂಡು ಅತ್ತೆ. ಮಗನನ್ನು ಕಳೆದುಕೊಂಡಿದ್ದ ಮೂಲೆ ಖೋಲಿಯ ಹೆಂಗಸು ಬಂದು ನನ್ನ ಬೆನ್ನು ಸವರಿದಳು. ಅದರಿಂದ ಇನ್ನಷ್ಟು ನಾಚಿಕೆಯಾಯಿತು.

ಮೂರನೆಯ ದಿನ ಮಧ್ಯಾಹ್ನ ಹಲಗೆಯಾಚೆ ಮಶಿನ್ನಿನ ಸದ್ದು ಕೇಳಿತು. ಹೊರಗೆ ಬಂದರೆ ಅವಳ ಬಾಗಿಲಿಗೆ ಬೀಗ. ಲೋಕಲ್ ಗಾಡಿಯ ಸದ್ದು ಎಂದರು ಯಜಮಾನರು. ಇರಬಹುದು. ಮಗಳು ಮಾತ್ರ ಆ ಹೊತ್ತಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಅಳತೆಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದಳು.

ಊರಿನಿಂದ ಅವ್ವನ ಅಣ್ಣನ ಮಗ ಬಂದು ಸಾಮಾನು ಕಟ್ಟಿದ. ಹೋಗುವಾಗ ನಮ್ಮ ಬಾಗಿಲಿಗೆ ಬಂದು, ಹಳೆಯ ಇಳಕಲ್ ಸೀರೆಯಲ್ಲಿ ಹೊಲಿದ ಒಂದು ಉದ್ದನೆಯ ಚೀಲ ಕೊಟ್ಟ. “ಬಾಜೂ ಮನೀ ಹುಡಿಗೀದು, ವರ್ಷಕ್ಕೊಂದು ಖಾನೆ ಬಿಚ್ಚಾಕ ಹೇಳು ಅಂತ ನಮ್ಮತ್ತಿ ಕಾಗದ ಬರಿಸಿದ್ಲರಿ” ಎಂದ. ಆ ಚೀಲಕ್ಕೆ ಅಡ್ಡಡ್ಡ ಹೊಲಿಗೆ ಹಾಕಿ ಐದು ಖಾನೆ ಮಾಡಿದ್ದಳು. ಒಂದೊಂದರಲ್ಲೂ ಮೆತ್ತಗೆ ಏನೋ ಮಡಚಿಟ್ಟದ್ದು ಕೈಗೆ ತಗಲುತ್ತಿತ್ತು.

ಮರುವರ್ಷದ ಪಂಚಮಿಯ ಮುನ್ನಾದಿನ ಮೊದಲ ಖಾನೆ ಬಿಚ್ಚಿದೆ. ತಿಳಿಹಳದಿಯ ಮೇಲೆ ಕೆಂಪು ಹೂವಿನ ಫ್ರಾಕು. ಸೆರಗಿನಡಿ ಬಚ್ಚಿಟ್ಟುಕೊಂಡ ಆ ಬಟ್ಟೆಗೆ ಇದ್ದ ಬೇರೆ ಕೆಲಸ ಅದು. ಮಡಿಕೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ, ಮಗಳಿಗೆ ಅದು ಮೈಮೇಲೇ ಹೊಲಿದಂತೆ ಕುಳಿತಿತು. ಬಿಚ್ಚುವವರಿಲ್ಲದ ಮೇಲೆ ವರ್ಷಕ್ಕೊಂದರಂತೆ ಬೇರೆ ಬೇರೆಯೇ ಹೊಲಿದಿಟ್ಟಿದ್ದಳು. ನಾನು ಬೈದ ಮೇಲೂ ಹೊಲಿದಿದ್ದಳು.

ಎರಡನೆಯದೂ ಹಾಗೆಯೇ ಕುಳಿತಿತು. ಮೂರನೆಯ ವರ್ಷ ಆಸೆ ತಡೆಯಲಾರದೆ ಪಂಚಮಿಗೆ ಎರಡು ತಿಂಗಳ ಮೊದಲೇ ಖಾನೆ ಬಿಚ್ಚಿದೆ. ಫ್ರಾಕು ಎದೆಯ ಹತ್ತಿರ ತೀರಾ ಬಿಗಿ, ಉದ್ದ ಮಾತ್ರ ಸರಿ. ಅವ್ವನ ಅಳತೆಯೂ ಒಮ್ಮೆ ತಪ್ಪಿತಲ್ಲ ಎಂದು ನಕ್ಕು ಮಡಚಿಟ್ಟೆ. ಅದೇ ತಿಂಗಳು ಮಗಳಿಗೆ ಕಾಮಾಲೆಯಾಯಿತು. ನಲವತ್ತು ದಿನ ಮಲಗಿ, ಎಲುಬು ಎಣಿಸುವ ಹಾಗಾಗಿ ಎದ್ದಳು. ಪಂಚಮಿಯ ಮುನ್ನಾದಿನ ಆ ಫ್ರಾಕು ತೊಡಿಸಿದೆ. ಒಂದು ನೂಲಿನಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಅವಳು ಕನ್ನಡಿ ನೋಡಿಕೊಳ್ಳುತ್ತಿದ್ದಾಗ ನಾನು ಚೀಲವನ್ನು ನೋಡುತ್ತ ನಿಂತಿದ್ದೆ.

ಅಂದಿನಿಂದ ಹಳೆಯ ಭಯ ಹೊಸ ಬಟ್ಟೆ ತೊಟ್ಟು ಬಂತು. ಅವ್ವ ಎಲ್ಲವನ್ನೂ ಕಂಡಿದ್ದಳು ಎಂದಾದರೆ, ಐದಕ್ಕೇ ಏಕೆ ನಿಲ್ಲಿಸಿದಳು? ಐದನೆಯದಕ್ಕೆ ಮಗಳಿಗೆ ಒಂಬತ್ತಾಗುತ್ತದೆ. ಹತ್ತನೆಯ ವರ್ಷಕ್ಕೆ ಅವ್ವನ ಕೈ ಆ ಮರಾಠಿ ಹುಡುಗನ ನೆತ್ತಿಯ ಮೇಲಿನಂತೆ ಖಾಲಿ ಗಾಳಿಯನ್ನು ತಡವಿತೇ? ನಾಲ್ಕನೆಯ ಖಾನೆ ಬಿಚ್ಚಿದ ಮೇಲೆ ಆ ಒಂದು ವರ್ಷ ನಾನು ಹೇಗೆ ಕಳೆದೆನೆಂದು ಯಾರಿಗೂ ಹೇಳಿಲ್ಲ. ಮಗಳ ಕೂದಲು ಬಾಚುವಾಗ ನೆತ್ತಿಯ ಮೇಲೆ ಕೈ ಹೋದರೆ ಹಿಂದಕ್ಕೆಳೆದುಕೊಳ್ಳುತ್ತಿದ್ದೆ.

ಐದನೆಯ ಪಂಚಮಿ ಬಂದಾಗ ನಾನು ಚೀಲವನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದಿದ್ದೆ. ಮಗಳೇ ಬೀಗದ ಕೈ ಹುಡುಕಿ, ಖಾನೆ ಬಿಚ್ಚಿ, ಓಡಿಬಂದಳು. “ಅಮ್ಮ, ಈ ಸಲ ಲಂಗ! ಇದು ಎಂತ ಗೆರೆ ಗೆರೆ ಉಂಟು ನೋಡು.”

ಕೆಂಪು ಖಣದ ಲಂಗ. ಅಂಚಿನ ಮೇಲೆ ಒಂದರ ಮೇಲೊಂದು ಮೂರು ಮಡಿಕೆ.

ಲಂಗ ಇಸಿದುಕೊಂಡು ನೆಲದ ಮೇಲೆ ಕುಳಿತೆ. ಮಡಿಕೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿದೆ, ತಿರುಗಿಸಿ ನೋಡಿದೆ. ಅವ್ವನ ಆ ಕಬ್ಬಿಣದ ಗಂಟು ಇರಲಿಲ್ಲ. ದಾರದ ತುದಿಗಳನ್ನು ಉದ್ದಕ್ಕೆ ಬಿಟ್ಟಿದ್ದಳು, ಎಳೆದರೆ ಸಾಕು ಬಿಚ್ಚಿಕೊಳ್ಳುವಂತೆ. ಖಾಲಿಯಾದ ಚೀಲದ ಕೊನೆಯ ಮೂಲೆಯಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು. ಐದು ವರ್ಷವೂ ಇಲಿ ಮುಟ್ಟದ, ಜೋಳದ ರೊಟ್ಟಿಯ ತುಣುಕು.

ಮಗಳು ಲಂಗ ಉಟ್ಟು ನನ್ನ ಮುಂದೆ ಬಂದು ನಿಂತಳು. ನಾನು ಕುಳಿತಲ್ಲಿಂದಲೇ ಅವಳ ತಲೆಯತ್ತ ಕೈ ಚಾಚಿದೆ. ನಾನೂ ಅವ್ವನ ಹಾಗೆ ಕುಳ್ಳಿ. ತೋಳು ಪೂರ್ತಿ ಚಾಚಿದಾಗ ಬೆರಳ ತುದಿ ಮಗಳ ನೆತ್ತಿಗೆ ಸರಿಯಾಗಿ ತಾಗಿತು. ಅದಕ್ಕಿಂತ ಒಂದು ಬೆರಳು ಮೇಲೆ ಹೋಗಲಿಲ್ಲ. ‘ನನ್ನ ಕೈಗೆ ನಿಲುಕದವರು ದರ್ಜಿ ಕಡೆ ಹೋಗ್ರಿ.’ ಅಷ್ಟೇ ಆಗಿತ್ತು. ಐದನೆಯ ವರ್ಷಕ್ಕೆ ಮುಗಿದದ್ದು ಅವಳ ತೋಳು, ನನ್ನ ಮಗಳಲ್ಲ. ಅಲ್ಲಿಂದ ಮೇಲಿನದನ್ನು ಅವಳು ಕಾಣದೆ ನಂಬಿದ್ದಳು. ಯಾರ ಮಡಿಕೆಯನ್ನೂ ಯಾರಿಗೂ ಬಿಟ್ಟುಕೊಡದವಳು ಆ ಮೂರನ್ನು ನನ್ನ ಕೈಗೆ ಬಿಟ್ಟು ಹೋಗಿದ್ದಳು, ಹೆಣದ ಅಳತೆಯ ಕೈ ಎಂದು ಬೈದವಳ ಕೈಗೆ.

ಮುಂದಿನ ವರ್ಷ ಪಂಚಮಿಯ ಮುನ್ನಾದಿನ ಮಧ್ಯಾಹ್ನ, ಚಾಳು ತಣ್ಣಗಾದ ಮೇಲೆ, ಮಗಳನ್ನು ಮುಂದೆ ನಿಲ್ಲಿಸಿಕೊಂಡು ಮೊದಲ ಮಡಿಕೆಯ ದಾರ ಎಳೆದೆ. ಸುಯ್ಯೆಂದು ಬಿಚ್ಚಿಕೊಂಡಿತು. ಮಡಿಕೆಯೊಳಗಿನ ಬಟ್ಟೆ ಬೆಳಕು ಕಾಣದೆ ಇನ್ನೂ ಕಡುಗೆಂಪಾಗಿತ್ತು. ಲಂಗ ಇಳಿದು ಪಾದದ ಗಂಟು ಮುಟ್ಟಿತು. ನಾನು ಎದ್ದು ನಿಂತು ಮಗಳ ನೆತ್ತಿಯ ಮೇಲೆ ಕೈಯಿಟ್ಟೆ. ಹಲಗೆಯ ಗೋಡೆಯಾಚೆ ಆಗ ಬೇರೆ ಸಂಸಾರ ಇತ್ತು, ಯಾರದೋ ಮಗು ಅಳುತ್ತಿತ್ತು. ಆದರೂ ಆ ಗೋಡೆಯ ಕಡೆಗೇ ತಿರುಗಿ ಹೇಳಿದೆ: “ಅವ್ವ, ಇಲ್ಲಿ ಇದ್ದಾಳೆ ನೋಡಿ.”